ಹೊತ್ತು ಮುಳುಗಿದ ಮೇಲೆ ಹೊಲಕ್ಕೆ ಹೋಗುವವರು

(ಹುಣಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಜನವಸತಿಯ ಹತ್ತಿರ ಸುಳಿಯುವ ತೋಳ ಮತ್ತಿತರ ಬೇಟೆಯಾಡುವ ಪ್ರಾಣಿಗಳಿಂದ ನಾವು ಸುರಕ್ಷಿತವಾಗಿ ಇರುವುದು ಹೇಗೆ ಎಂಬುದು ಈ ಸಂಜೆಗೆ ಸಂಘಟಕರು ಗೊತ್ತುಮಾಡಿದ ವಿಷಯ. ಕೇಳುವುದಕ್ಕೆ ಇದು ಕರಪತ್ರದ ವಿಷಯ. ಹತ್ತು ಸೂಚನೆಗಳನ್ನು ಅಚ್ಚು ಹಾಕಿಸಿ ಹಂಚಿದರೆ ಮುಗಿಯಿತು ಅನ್ನಿಸುತ್ತದೆ. ಆ ಸೂಚನೆಗಳನ್ನು ನಾನೂ ಹೇಳುತ್ತೇನೆ, ಅವು ಜೀವ ಉಳಿಸುತ್ತವೆ. ಆದರೆ ಎಲ್ಲ ಕರಪತ್ರಗಳಲ್ಲೂ ಮೊದಲ ಸಾಲು ಒಂದೇ: ಕತ್ತಲಲ್ಲಿ ಒಬ್ಬರೇ ಹೊರಗೆ ಹೋಗಬೇಡಿ. ಕತ್ತಲಲ್ಲಿ ಒಬ್ಬರೇ ಹೋಗಬೇಕೆಂದು ಯಾರಿಗೂ ಹಂಬಲವಿಲ್ಲ. ಹೋಗುವ ಹಾಗೆ ಮಾಡಿರುವುದು ಏನು, ಆ ಹೊತ್ತನ್ನು ಗೊತ್ತುಮಾಡಿದವರು ಯಾರು ಎಂದು ಕೇಳುವುದಕ್ಕೆ ಈ ಸಭೆಯನ್ನು ಬಳಸಿಕೊಳ್ಳುತ್ತೇನೆ.

ತೋಳದ ಬಯಲು, ಚಿರತೆಯ ಮರೆ

ಮೊದಲು ತೋಳದ ಮಾತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಇಂದಿನ ಮಕ್ಕಳಿಗೆ ತೋಳ ಪರಿಚಯವಾಗುವುದು ಸುಳ್ಳು ಹೇಳಿದ ಕುರಿಗಾಹಿ ಹುಡುಗನ ಕತೆಯಲ್ಲಿ. ಹಳೇ ಮೈಸೂರಿನ ಬಯಲುಸೀಮೆಯಲ್ಲಿ ಅದು ಒಂದು ಕಾಲಕ್ಕೆ ಅಪರೂಪದ ಪ್ರಾಣಿಯಾಗಿರಲಿಲ್ಲ. ತೋಳಕ್ಕೆ ದಟ್ಟ ಕಾಡು ಬೇಡ. ಹುಲ್ಲುಗಾವಲು, ಕುರುಚಲು ಗುಡ್ಡ, ಕುರಿ ಮಂದೆ ಓಡಾಡುವ ಬಯಲು ಅದರ ಸೀಮೆ. ನಮ್ಮ ಹುಣಸೂರು ಅಮೃತಮಹಲ್ ದನಗಳ ಕೇಂದ್ರವಾಗಿತ್ತು ಎಂಬುದನ್ನು ನೆನೆಯಿರಿ. 19ನೇ ಶತಮಾನದಲ್ಲಿ ಸೈನ್ಯಕ್ಕೆ ಬೇಕಾದ ಕಂಬಳಿ, ಚರ್ಮದ ಸಾಮಾನು, ಗಾಡಿಗಳು ಇಲ್ಲಿ ತಯಾರಾಗುತ್ತಿದ್ದವು. ದನಗಳಿಗೆ ಮೇಯಲು ಕಾವಲುಗಳಿದ್ದವು, ಕಂಬಳಿಗೆ ಕುರಿಗಳಿದ್ದವು. ಕಾವಲು ಮತ್ತು ಕುರಿ ಎರಡೂ ಇರುವ ನೆಲ ತೋಳದ ನೆಲ.

ಆ ನೆಲ ಬದಲಾಯಿತು. ಕಾವಲುಗಳು ಸಾಗುವಳಿಗೆ, ನೀಲಗಿರಿ ತೋಪಿಗೆ, ಬಡಾವಣೆಗೆ ಹೋದವು. ಕಾವೇರಿ ಬಯಲಿನಲ್ಲಿ ನಾಲೆಯ ನೀರು ಭತ್ತ, ಕಬ್ಬನ್ನು ಬೆಳೆಸಿತು. ಈಚೆಗೆ ಹೊಗೆಸೊಪ್ಪು, ಕೋಟೆಯ ಕಡೆ ಹತ್ತಿ ಬಂದವು. ಸರ್ಕಾರ 1974ರಲ್ಲಿ ಪಕ್ಕದ ಮೇಲುಕೋಟೆಯ ಗುಡ್ಡಗಳನ್ನು ಅಭಯಾರಣ್ಯವೆಂದು ಸಾರಿದ್ದರ ಮುಖ್ಯ ಉದ್ದೇಶಗಳಲ್ಲಿ ತೋಳದ ರಕ್ಷಣೆಯೂ ಒಂದು. ಅಂದರೆ ಆ ಹೊತ್ತಿಗೇ ತೋಳ ರಕ್ಷಣೆ ಬೇಡುವ ಪ್ರಾಣಿಯಾಗಿತ್ತು. ಇಂದು ಕರ್ನಾಟಕದಲ್ಲಿ ತೋಳ ಕಾಣಬೇಕಾದರೆ ಕೊಪ್ಪಳ, ಬಳ್ಳಾರಿ, ಗದಗದ ಬಯಲಿನತ್ತ ಹೋಗಬೇಕು.

ಬಯಲಿನ ಪ್ರಾಣಿ ಹೋದ ಜಾಗಕ್ಕೆ ಮರೆಯ ಪ್ರಾಣಿ ಬಂತು. ಆಳೆತ್ತರ ಬೆಳೆದು ಹನ್ನೆರಡು ತಿಂಗಳು ನಿಲ್ಲುವ ಕಬ್ಬು, ಪಾಳುಬಿದ್ದ ಕಲ್ಲುಗಣಿ, ನಾಲೆ ಏರಿಯ ಪೊದೆ, ಊರಂಚಿನ ಗುಡ್ಡ ಇವೆಲ್ಲ ಚಿರತೆಗೆ ಒಗ್ಗುವ ತಾಣಗಳು. ಊರಿನ ಬೀದಿ ನಾಯಿ ಅದಕ್ಕೆ ಸಿದ್ಧ ಆಹಾರ. ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಸೀಮೆಯಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ, ಅದು ತಿಂದ ಆಹಾರದ ತೂಕದಲ್ಲಿ ಶೇ. 87ರಷ್ಟು ಸಾಕುಪ್ರಾಣಿಗಳದು, ನಾಯಿಗಳದೇ ಶೇ. 39ರಷ್ಟು ಎಂದು ಗೊತ್ತಾಯಿತು. ಅಲ್ಲಿನ ಚಿರತೆ ಕಾಡಿನಿಂದ ದಾರಿ ತಪ್ಪಿ ಬಂದದ್ದಲ್ಲ, ಕಬ್ಬಿನಲ್ಲೇ ಹುಟ್ಟಿ ಕಬ್ಬಿನಲ್ಲೇ ಮರಿ ಹಾಕುವ ಊರಿನ ನಿವಾಸಿ. ಕೆ.ಆರ್. ನಗರ, ತಿ. ನರಸೀಪುರ, ಮಂಡ್ಯದ ಬಯಲನ್ನು ನೋಡಿದವರಿಗೆ ಈ ಮಾತು ಹೊಸದೆನಿಸುವುದಿಲ್ಲ.

ಇನ್ನು ಹುಲಿ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಮೂರೂ ನಾಗರಹೊಳೆಯ ಮಡಿಲಿಗೆ ಹೊಂದಿಕೊಂಡ ತಾಲ್ಲೂಕುಗಳು. 1955ರಲ್ಲಿ ವನ್ಯಧಾಮವಾಗಿ ಆರಂಭವಾದ ನಾಗರಹೊಳೆ 1999ರಲ್ಲಿ ಹುಲಿ ಯೋಜನೆಗೆ ಸೇರಿತು. 2022ರ ಗಣತಿಯ ಅಂದಾಜಿನಂತೆ ಅಲ್ಲಿ 141 ಹುಲಿಗಳಿವೆ, ಪಕ್ಕದ ಬಂಡೀಪುರದಲ್ಲಿ 150. ಇಡೀ ರಾಜ್ಯದಲ್ಲಿ 2014ರಲ್ಲಿ 406 ಇದ್ದ ಹುಲಿಗಳು 2018ರಲ್ಲಿ 524, 2022ರಲ್ಲಿ 563 ಆದವು. ಚಿರತೆಗಳ ಅಂದಾಜು 1,879. ಕಾಡನ್ನು ಕಾದವರ ಶ್ರಮಕ್ಕೆ ಸಿಕ್ಕ ಫಲ ಇದು, ಹೆಮ್ಮೆ ಪಡಬೇಕಾದದ್ದೇ. ಆದರೆ ಹುಲಿ ತನ್ನ ಸೀಮೆಯನ್ನು ಇನ್ನೊಂದು ಹುಲಿಗೆ ಬಿಟ್ಟುಕೊಡುವುದಿಲ್ಲ. ಪ್ರಾಯಕ್ಕೆ ಬಂದ ಮರಿ, ಮುದಿಯಾದ ಗಂಡು, ಕಾದಾಟದಲ್ಲಿ ಗಾಯಗೊಂಡದ್ದು ಅಂಚಿಗೆ ಸರಿಯುತ್ತವೆ. ಕಾಡಿನ ಅಂಚೇ ನಮ್ಮ ಹೊಲದ ಬದು.

ನಾಲ್ಕು ಸಾವು, ಒಂದು ಗಡಿಯಾರ

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ, ಮೂರು ತಿಂಗಳೊಳಗೆ, ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಆ ತಾಲ್ಲೂಕು ನಮ್ಮ ನಾಲ್ಕರಲ್ಲಿ ಸೇರದಿದ್ದರೂ ನೆಲ, ನೀರು, ಬೆಳೆ ಎಲ್ಲ ಕೆ.ಆರ್. ನಗರದಂಥವೇ. ಅವರಲ್ಲಿ ಮೂವರು: ಮನೆಯ ಹಿತ್ತಲಿಗೆ ಬಂದ ಕಾಲೇಜು ವಿದ್ಯಾರ್ಥಿನಿ, ಮನೆಯ ಬಳಿಯೇ ಸೌದೆಗೆ ಹೋದ ಹಿರಿಯ ಹೆಂಗಸು, ಅಂಗಡಿಗೆ ಹೊರಟ ಹನ್ನೊಂದರ ಹುಡುಗ. ಮೂವರೂ ಸತ್ತದ್ದು ಕಾಡಿನಲ್ಲಲ್ಲ, ಸಂಜೆಗತ್ತಲಲ್ಲಿ, ಮನೆಯಿಂದ ಕೂಗಳತೆಯಲ್ಲಿ. ಸರ್ಕಾರ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ರಚಿಸಿತು. ಬಲಿತು ನಿಂತ ಕಬ್ಬನ್ನು ಬೇಗ ಕಡಿಸುವಂತೆ ಜಿಲ್ಲಾಡಳಿತ ಸೂಚಿಸಿತು. ಚಿರತೆಯ ಮರೆ ಮತ್ತು ಸಕ್ಕರೆ ಕಾರ್ಖಾನೆಯ ಕಟಾವು ಪಟ್ಟಿ, ಈ ಎರಡರ ನಡುವೆ ಸಂಬಂಧ ಇದೆ ಎಂದು ಆಡಳಿತವೇ ಒಪ್ಪಿಕೊಂಡ ಅಪರೂಪದ ಗಳಿಗೆ ಅದು.

2025ರ ಅಕ್ಟೋಬರ್, ನವೆಂಬರ್‌ನಲ್ಲಿ ಸರದಿ ಕೋಟೆ ಸೀಮೆಯದಾಯಿತು. ಕೋಟೆಯಿಂದ ಬೇರೆಯಾದ ಸರಗೂರು ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಮೂವರನ್ನು ಹುಲಿ ಕೊಂದಿತು. ನವೆಂಬರ್‌ನಲ್ಲಿ ಸರ್ಕಾರ ನಾಗರಹೊಳೆ ಮತ್ತು ಬಂಡೀಪುರದ ಸಫಾರಿಯನ್ನೇ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಚ್ಚಿತು. ಇಲ್ಲಿ ಹೊತ್ತು ಬೇರೆ: ದನ ಮೇಯಿಸುವ, ಹೊಲದಲ್ಲಿ ದುಡಿಯುವ ಹಗಲು ಹೊತ್ತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಿರತೆಯ ಅಪಾಯ ಸಂಜೆ ಆರರಿಂದ ಬೆಳಗಿನ ಆರರವರೆಗಿನದು, ಮನೆ ಬಾಗಿಲಿನದು. ಹುಲಿಯ ಅಪಾಯ ಕಾಡಂಚಿನದು, ಒಂಟಿತನದ್ದು, ಬಗ್ಗಿ ಕೂತು ಮಾಡುವ ಕೆಲಸದ್ದು. ತೋಳ ಇರುವ ಸೀಮೆಯಲ್ಲಿ ಅಪಾಯ ಮಂದೆಯದು, ಅಪರೂಪಕ್ಕೆ ಚಿಕ್ಕ ಮಕ್ಕಳದು. 2024ರ ಮಳೆಗಾಲದಲ್ಲಿ ಉತ್ತರಪ್ರದೇಶದ ಬಹ್ರೈಚ್ ಜಿಲ್ಲೆಯಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದಾಗ ತಿಂಗಳುಗಟ್ಟಲೆ ಬೇಟೆ ನಡೆಯಿತು, ಡ್ರೋನ್ ಹಾರಿದವು. ಅದರ ಜೊತೆಗೇ ಬಾಗಿಲೇ ಇಲ್ಲದ ಮನೆಗಳಿಗೆ ಬಾಗಿಲು ಇಡಿಸುವ ಮಾತೂ ಅಲ್ಲಿ ಆಡಳಿತದ ಮಟ್ಟಕ್ಕೆ ಬಂತು. ತೋಳದಿಂದ ಮಗುವನ್ನು ಕಾಯುವುದು ಮೊದಲು ಬಾಗಿಲು, ಆಮೇಲೆ ಬಂದೂಕು.

ಎದುರಾದರೆ

ಕರಪತ್ರದ ಮಾತಿಗೆ ಬರೋಣ. ವಿದ್ಯಾರ್ಥಿಗಳು ಇಷ್ಟನ್ನಾದರೂ ಬರೆದುಕೊಂಡು ಮನೆಯಲ್ಲಿ ಹೇಳಿ.

ಚಿರತೆ, ಹುಲಿ, ತೋಳ ಯಾವುದೇ ಎದುರಾಗಲಿ, ಓಡಬೇಡಿ. ಓಡುವುದನ್ನು ಅಟ್ಟುವುದು ಅವುಗಳ ಹುಟ್ಟುಗುಣ. ನಿಂತಲ್ಲೇ ನಿಲ್ಲಿ, ಮುಖ ಅದರ ಕಡೆಗೇ ಇರಲಿ. ಜೊತೆಗೆ ಮಗುವಿದ್ದರೆ ಎತ್ತಿಕೊಳ್ಳಿ, ಆದರೆ ಅದಕ್ಕಾಗಿ ಬೆನ್ನು ತಿರುಗಿಸಿ ಬಗ್ಗಬೇಡಿ. ಟವೆಲು, ಛತ್ರಿ, ಕಂಬಳಿ ಕೈಯಲ್ಲಿದ್ದದ್ದನ್ನು ಮೇಲೆತ್ತಿ ದೊಡ್ಡದಾಗಿ ಕಾಣಿಸಿಕೊಳ್ಳಿ. ದನಿ ಎತ್ತಿ ಮಾತಾಡಿ. ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯಿರಿ, ಅದಕ್ಕೆ ಹೋಗಲು ದಾರಿ ಬಿಡಿ. ದೂರದಲ್ಲಿ ಹುಲಿ ಕಂಡು ಅದು ನಿಮ್ಮನ್ನು ಗಮನಿಸದಿದ್ದರೆ ಸದ್ದು ಮಾಡದೆ ಬಂದ ದಾರಿಯಲ್ಲೇ ಹಿಂದಿರುಗಿ. ಮರಿಗಳ ಬಳಿ, ಅರ್ಧ ತಿಂದ ದನದ ಬಳಿ ಒಂದು ಗಳಿಗೆಯೂ ನಿಲ್ಲಬೇಡಿ. ಮೈಮೇಲೆ ಬಿದ್ದೇಬಿಟ್ಟರೆ ಕುತ್ತಿಗೆ ಕಾಪಾಡಿಕೊಂಡು ಕೋಲು, ಕಲ್ಲು, ಕುಡುಗೋಲು ಕೈಗೆ ಸಿಕ್ಕಿದ್ದರಲ್ಲಿ ಎದುರಿಸಿ. ಪ್ರಾಣ ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಮಾಡಿದ ಪ್ರತಿರೋಧ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಲ್ಲ.

ಬಗ್ಗಿದ, ಕುಕ್ಕರಗಾಲಿನಲ್ಲಿ ಕೂತ ಮನುಷ್ಯ ಈ ಪ್ರಾಣಿಗಳ ಕಣ್ಣಿಗೆ ಮನುಷ್ಯನಾಗಿ ಕಾಣುವುದಿಲ್ಲ, ಸಣ್ಣ ಎತ್ತರದ ಯಾವುದೋ ಬೇಟೆಯಾಗಿ ಕಾಣಬಹುದು. ಹತ್ತಿ ಬಿಡಿಸುವ ಹೆಂಗಸರು, ಕಳೆ ಕೀಳುವವರು, ಬಹಿರ್ದೆಸೆಗೆ ಕೂತವರು ಹೆಚ್ಚು ಅಪಾಯದಲ್ಲಿರುವುದು ಇದರಿಂದಲೇ. ಸಾಲು ಹಿಡಿದು ನಾಲ್ಕೈದು ಮಂದಿ ಒಟ್ಟಿಗೆ ಕೆಲಸ ಮಾಡಿ. ಒಬ್ಬರು ಸರದಿಯ ಮೇಲೆ ನಿಂತು ನೋಡುತ್ತಿರಲಿ. ಹುಲಿ ಹಿಂದಿನಿಂದ ಎರಗುವ ಪ್ರಾಣಿ ಎಂದು 1980ರ ದಶಕದಲ್ಲಿ ಸುಂದರಬನದ ಜೇನು ಕೀಳುವವರು ತಲೆಯ ಹಿಂದೆ ಮನುಷ್ಯ ಮುಖದ ಮುಖವಾಡ ಕಟ್ಟಿಕೊಂಡರು. ಸ್ವಲ್ಪ ಕಾಲ ಉಪಯೋಗಕ್ಕೂ ಬಂತು. ಪ್ಲಾಸ್ಟಿಕ್ ಮುಖಕ್ಕಿಂತ ಮಾತಾಡುವ ಸಂಗಾತಿಯೇ ಮೇಲು.

ದನ, ಮೇಕೆ, ಕುರಿಗಳನ್ನು ಬಯಲಿನಲ್ಲಿ ಕಟ್ಟಿದರೆ ಚಿರತೆಗೆ ಕರೆ ಕೊಟ್ಟಂತೆ. ಕೊಟ್ಟಿಗೆಗೆ ಮೇಲೂ ಬದಿಗೂ ಗಟ್ಟಿ ಜಾಲರಿ ಬೇಕು. ತೋಳಕ್ಕೆ ಎತ್ತರದ ಬೇಲಿ ಸಾಕು, ಚಿರತೆಗೆ ಮೇಲ್ಛಾವಣಿ ಬೇಕು. ಕೋಳಿ ಅಂಗಡಿಯ ತ್ಯಾಜ್ಯವನ್ನು ಕೆರೆ ಏರಿಯ ಮೇಲೆ ಸುರಿದರೆ ನಾಯಿ ಹಿಂಡು ಬೆಳೆಯುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ಊರಿನ ಕಸವೇ ಚಿರತೆಯ ಮೊದಲ ಆಮಂತ್ರಣ ಪತ್ರ, ಅದನ್ನು ಬರೆಯುವವರು ನಾವೇ.

ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಕ್ಕರೆ ಎತ್ತಿ ಮುದ್ದಾಡಬೇಡಿ, ಫೋಟೊಗೆ ಕೈಯಿಂದ ಕೈಗೆ ಕೊಡಬೇಡಿ. ಕೆಲಸ ನಿಲ್ಲಿಸಿ, ಇಲಾಖೆಗೆ ತಿಳಿಸಿ. ಮರಿಗಳನ್ನು ಅದೇ ಜಾಗದಲ್ಲಿ ಬಿಟ್ಟರೆ ತಾಯಿ ರಾತ್ರಿ ಬಂದು ಒಯ್ಯುತ್ತದೆ. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಹೀಗೆ ಮರಿಗಳನ್ನು ತಾಯಿಗೆ ಸೇರಿಸುವುದು ವರ್ಷವರ್ಷವೂ ನಡೆಯುವ ಕೆಲಸ. ಮರಿ ಕಳೆದುಕೊಂಡ ತಾಯಿ ಊರ ಸುತ್ತ ಹುಡುಕಿಕೊಂಡು ಅಲೆಯುತ್ತದೆ. ಆ ಹೊತ್ತಿನಲ್ಲಿ ಎದುರಾದವರ ಗತಿ ಕಷ್ಟ.

ತೋಳ, ನರಿ, ನಾಯಿ ಏನೇ ಕಚ್ಚಿದರೂ ರೇಬಿಸ್ ನೆನಪಿರಲಿ. ಹಗಲಲ್ಲಿ ಊರೊಳಗೆ ನುಗ್ಗಿ ಸಿಕ್ಕಸಿಕ್ಕವರನ್ನು ಕಚ್ಚುವ ತೋಳ, ನರಿಗೆ ಆ ರೋಗ ಇರುವ ಸಂಭವ ಹೆಚ್ಚು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಚಿರತೆ, ಹುಲಿಯ ಗಾಯ ಸಣ್ಣದಾಗಿ ಕಂಡರೂ ಒಳಗೆ ನಂಜಾಗುತ್ತದೆ, ವೈದ್ಯರಿಗೆ ತೋರಿಸಲೇಬೇಕು.

ಗುಂಪು ಮತ್ತು ಬೋನು

2022ರ ನವೆಂಬರ್ ಆರಂಭದಲ್ಲಿ ಕೆ.ಆರ್. ನಗರ ಪಟ್ಟಣದ ಕನಕನಗರದಲ್ಲಿ ಹಗಲು ಹೊತ್ತಿನಲ್ಲಿ ಚಿರತೆ ಕಾಣಿಸಿಕೊಂಡದ್ದು ನಿಮಗೆ ನೆನಪಿರಬಹುದು. ಅದು ಬೈಕಿನಲ್ಲಿ ಹೋಗುತ್ತಿದ್ದವರ ಮೇಲೆ ಹಾರಿತು, ಹಿಡಿಯಲು ಬಂದವರನ್ನೂ ಗಾಯಗೊಳಿಸಿತು, ಕೊನೆಗೆ ಅರಿವಳಿಕೆ ಕೊಟ್ಟು ಹಿಡಿದರು. ದೇಶವೆಲ್ಲ ನೋಡಿದ ಆ ವಿಡಿಯೊದಲ್ಲಿ ಚಿರತೆಗಿಂತ ನಾನು ಗಮನಿಸಿದ್ದು ಸುತ್ತಲಿನ ಜನರನ್ನು. ಮಾಳಿಗೆ, ಕಾಂಪೌಂಡು, ಬೀದಿ ಎಲ್ಲಿ ನೋಡಿದರೂ ಕೂಗು, ಓಟ, ಮೊಬೈಲು. ಹಗಲು ಕಂಡ ಚಿರತೆಗೆ ಬೇಕಾಗಿದ್ದದ್ದು ಕತ್ತಲಾಗುವವರೆಗೆ ಅಡಗಿರಲು ಒಂದು ಮೂಲೆ. ನಾಲ್ಕೂ ದಿಕ್ಕಿನಲ್ಲಿ ಜನ ನಿಂತರೆ ಅದು ಯಾವ ದಿಕ್ಕಿಗೆ ಓಡಿದರೂ ಒಬ್ಬ ಮನುಷ್ಯನ ಮೇಲೇ ಓಡಬೇಕು. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಅದನ್ನೇ ಅಧ್ಯಯನ ಮಾಡುವ ಸಂಜಯ್ ಗುಬ್ಬಿಯವರಿಗೂ ಪೆಟ್ಟಾಯಿತು. ತಿಳಿದವರನ್ನೂ ಬಿಡದ ಸನ್ನಿವೇಶದಲ್ಲಿ ತಿಳಿಯದವರಿಗೆ ಮುಂದಿನ ಸಾಲಿನಲ್ಲಿ ಏನು ಕೆಲಸ?

ಚಿರತೆ ಮನೆಯೊಳಗೆ, ಕೊಟ್ಟಿಗೆಯೊಳಗೆ ಹೊಕ್ಕರೆ ಹೊರಗಿನಿಂದ ಬಾಗಿಲು ಹಾಕಿ ದೂರ ಸರಿಯಿರಿ, 1926 ಅರಣ್ಯ ಸಹಾಯವಾಣಿಗೆ ಕರೆ ಮಾಡಿ. ಅರಣ್ಯ ಸಿಬ್ಬಂದಿಗೆ ಜನರನ್ನು ತಡೆಯುವ ಕೆಲಸವನ್ನೂ ಹೊರಿಸಬೇಡಿ. ಅದು ಪೊಲೀಸರದು, ಪಂಚಾಯಿತಿಯದು, ಊರ ಯುವಕ ಸಂಘದ್ದು. ಪ್ರಾಣಿ ಹಿಡಿಯುವ ಉತ್ಸಾಹಕ್ಕಿಂತ ಜನರನ್ನು ಮನೆಗೆ ಕಳಿಸುವ ಉತ್ಸಾಹ ಇರುವ ಹತ್ತು ಹುಡುಗರು ಪ್ರತಿ ಊರಿಗೂ ಬೇಕು.

ಬೋನಿನ ವಿಷಯ ಇನ್ನೂ ಕಷ್ಟದ್ದು. ಚಿರತೆ ಕಂಡಿತು, ಬೋನು ಇಡಿ ಎಂಬುದು ನಮ್ಮ ಮೊದಲ ಒತ್ತಾಯ. ಇಲಾಖೆ ಇಡದಿದ್ದರೆ ರಸ್ತೆ ತಡೆ. ಜನರನ್ನು ಕೊಂದ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಿಗೂ ತೊಂದರೆ ಕೊಡದೆ ದಾಟಿಹೋಗುವ ಚಿರತೆಯನ್ನು ಹಿಡಿದು ದೂರದ ಕಾಡಿಗೆ ಬಿಡುವುದರಿಂದ ಏನಾಗುತ್ತದೆ? ಜುನ್ನರ್‌ನಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಅಲ್ಲಿ 2001ರಿಂದ ದೊಡ್ಡ ಪ್ರಮಾಣದಲ್ಲಿ ಚಿರತೆಗಳನ್ನು ಹಿಡಿದು ಬೇರೆಡೆ ಬಿಡತೊಡಗಿದರು. ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ ನಾಲ್ಕು ಇದ್ದ ಮನುಷ್ಯರ ಮೇಲಿನ ದಾಳಿ, ಆಮೇಲೆ ಹದಿನೇಳಕ್ಕೆ ಏರಿತು. ಪ್ರಾಣ ಹೋಗುವ ದಾಳಿಗಳ ಪ್ರಮಾಣವೂ ಇಮ್ಮಡಿಯಾಯಿತು. ಗಾಯಗೊಂಡ, ಬೆದರಿದ, ದಾರಿ ಗೊತ್ತಿಲ್ಲದ ಚಿರತೆ ಹೊಸ ಊರಿನ ಬಳಿ ಇಳಿಯುತ್ತದೆ. ಹಳೆಯ ಊರಿನಲ್ಲಿ ಖಾಲಿಯಾದ ಸೀಮೆಗೆ ಇನ್ನೊಂದು ಬರುತ್ತದೆ. ಪಿರಿಯಾಪಟ್ಟಣದ ಚಿರತೆಯನ್ನು ಹಿಡಿದು ಕೋಟೆಯ ಕಾಡಿಗೆ ಬಿಟ್ಟರೆ ಎರಡು ತಾಲ್ಲೂಕಿನ ತೊಂದರೆಯಾಗುತ್ತದೆ. ಹಂದಿಗೆ ಹಾಕಿದ ಉರುಳು, ಬೇಲಿಗೆ ಕದ್ದು ಕೊಟ್ಟ ಕರೆಂಟು ಇವೂ ಹಾಗೆಯೇ. ಉರುಳಿನಿಂದ ಕಾಲು ಮುರಿದುಕೊಂಡು ತಪ್ಪಿಸಿಕೊಂಡ ಹುಲಿ ಜಿಂಕೆ ಹಿಡಿಯಲಾರದು. ಆಮೇಲೆ ಅದು ಹುಡುಕುವುದು ಸುಲಭದ ಬೇಟೆಯನ್ನು. ಕಂಬಿ ಬೇಲಿಯ ಕರೆಂಟು ಕಾಡುಪ್ರಾಣಿಯನ್ನು ಮಾತ್ರ ಹುಡುಕಿ ಹೊಡೆಯುವುದಿಲ್ಲ.

ಹೊತ್ತು ಗೊತ್ತುಮಾಡಿದವರು

ಈಗ ಆರಂಭದ ಪ್ರಶ್ನೆ. ನಮ್ಮ ರೈತ ರಾತ್ರಿ ಹನ್ನೊಂದಕ್ಕೆ ಟಾರ್ಚು ಹಿಡಿದು ಕಬ್ಬಿನ ಗದ್ದೆಗೆ ಹೋಗುವುದು ಏಕೆ? ತ್ರೀ ಫೇಸ್ ಕರೆಂಟು ಅವನ ಫೀಡರಿಗೆ ಆ ಹೊತ್ತಿಗೆ ಬರುತ್ತದೆ ಎಂದು. ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ಕರೆಂಟು, ಅದೂ ಪಾಳಿಯ ಮೇಲೆ ಎಂಬುದು ರಾಜ್ಯದ ರೀತಿ. ಒಬ್ಬರಿಗೆ ಹಗಲು ಪಾಳಿ ಬಂದರೆ ಇನ್ನೊಬ್ಬರಿಗೆ ರಾತ್ರಿ ಪಾಳಿ. ಚಿರತೆ ಚುರುಕಾಗುವ ಹೊತ್ತಿಗೆ ಸರಿಯಾಗಿ ನಾವೇ ಒಬ್ಬ ಮನುಷ್ಯನನ್ನು, ಒಬ್ಬನನ್ನೇ, ಮೋಟರು ಮನೆಗೆ ಕಳಿಸುತ್ತೇವೆ. ನಾಲೆ ನೀರಿನ ಸರದಿಯೂ ಹೀಗೆಯೇ. ನೀರು ರಾತ್ರಿ ಬಂದರೆ ರಾತ್ರಿಯೇ ಮಡೆ ಕಟ್ಟಬೇಕು.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಕತೆ ಬೇರೆ. ಜುಲೈನಿಂದ ಸೊಪ್ಪು ಮುರಿದು ಅದನ್ನು ಹದಮಾಡುವ ಬ್ಯಾರನ್‌ಗೆ ಏರಿಸಿದರೆ ಐದಾರು ದಿನ ಒಲೆ ಆರಬಾರದು, ಉರಿ ಹೆಚ್ಚುಕಮ್ಮಿ ಆಗಬಾರದು. ಗಂಡನೋ ಹೆಂಡತಿಯೋ ರಾತ್ರಿಯಿಡೀ ಬ್ಯಾರನ್ ಮುಂದೆ ಎದ್ದಿರಬೇಕು, ನಡುವೆ ಸೌದೆ ತರಲು ಕತ್ತಲಿಗೆ ಹೋಗಬೇಕು. ಮಾರುಕಟ್ಟೆ ದರ್ಜೆ ನೋಡಿ ಬೆಲೆ ಕೊಡುತ್ತದೆ, ಬೇಯಿಸಿದವರ ರಾತ್ರಿಗೆ ಬೆಲೆ ಕೊಡುವುದಿಲ್ಲ.

ಕೋಟೆ, ಸರಗೂರಿನ ಕಾಡಂಚಿನಲ್ಲಿ ದನ ಮೇಯಿಸುವವರದು ಹಗಲಿನ ಕಷ್ಟ. ಗೋಮಾಳಗಳು ಕರಗಿದ ಮೇಲೆ ದನಗಳಿಗೆ ಉಳಿದದ್ದು ಕಾಡಿನ ಅಂಚು. ಕಾಡೊಳಗೆ ಹುಲ್ಲಿದ್ದ ಜಾಗವನ್ನು ಲಂಟಾನ ತುಂಬಿಕೊಂಡಿದೆ. ಹತ್ತು ದನಗಳ ಹಿಂದೆ ಒಬ್ಬನೇ ಮುದುಕ ಹೋಗುತ್ತಾನೆ, ಯಾಕೆಂದರೆ ಮನೆಯ ಹುಡುಗರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿದ್ದಾರೆ. ಹಿಂದೆ ಊರ ದನಗಳೆಲ್ಲ ಒಂದೇ ಮಂದೆಯಾಗಿ, ನಾಲ್ಕಾರು ಜನರ ಕಾವಲಿನಲ್ಲಿ ಹೋಗಿ ಹೊತ್ತು ಮುಳುಗುವ ಮುಂಚೆ ಹಿಂದಿರುಗುತ್ತಿದ್ದವು. ಕುರುಬರ ಹಟ್ಟಿಗೆ ಮುಳ್ಳಿನ ಬೇಲಿ, ನಾಯಿ, ಸರದಿಯ ಕಾವಲು ಇರುತ್ತಿದ್ದವು. ಅದು ಅವರ ಧೈರ್ಯವಲ್ಲ, ಊರ ಕಟ್ಟಳೆ. ಇವತ್ತು ಕಟ್ಟಳೆ ಬಿಚ್ಚಿಕೊಂಡಿದೆ, ಧೈರ್ಯ ಮಾತ್ರ ಒಬ್ಬೊಬ್ಬರ ತಲೆಗೆ ಬಿದ್ದಿದೆ.

ಹೆಂಗಸರ ಹೊತ್ತು ಇನ್ನೂ ಬಿಗಿ. ಶೌಚಾಲಯ ಕಟ್ಟಿಸಿ ನೀರು ಕೊಡದ ಮನೆಯಲ್ಲಿ ಅವರು ಕತ್ತಲನ್ನೇ ಕಾಯಬೇಕು. ಕೊನೆಯ ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋದರೆ ಕಾಲೇಜಿನ ಹುಡುಗಿ ದೀಪವಿಲ್ಲದ ಒಂದೂವರೆ ಮೈಲಿ ನಡೆಯಬೇಕು. ಅವಳಿಗೆ ‘ಕತ್ತಲಲ್ಲಿ ಓಡಾಡಬೇಡ’ ಎಂಬ ಕರಪತ್ರ ಕೊಟ್ಟರೆ ಅವಳು ಏನು ಮಾಡಬೇಕು? ಓದುವುದನ್ನು ಬಿಡಬೇಕೇ?

ಹಾಗಾಗಿ ನನ್ನ ವಾದ ಇಷ್ಟು. ಬೇಟೆಯಾಡುವ ಪ್ರಾಣಿಗಳಿಂದ ಸುರಕ್ಷತೆ ಎಂಬುದು ಅರಣ್ಯ ಇಲಾಖೆ ಒಂದರ ಕೆಲಸವಲ್ಲ. ಅದು ವಿದ್ಯುತ್ ಕಂಪನಿಯ ಪಾಳಿ ಪಟ್ಟಿ, ಸಾರಿಗೆಯ ಸಮಯ ಪಟ್ಟಿ, ಕಾರ್ಖಾನೆಯ ಕಟಾವು ಪಟ್ಟಿ, ಪಂಚಾಯಿತಿಯ ಬೀದಿದೀಪದ ಪಟ್ಟಿ ಇವುಗಳಲ್ಲಿ ಅಡಗಿದೆ. ಕಾಡಂಚಿನ ಮತ್ತು ಚಿರತೆ ಸುಳಿಯುವ ಊರುಗಳ ಫೀಡರುಗಳಿಗೆ ಮೊದಲು ಹಗಲು ಕರೆಂಟು ಕೊಡಿ. ಫೀಡರನ್ನೇ ಸೌರಶಕ್ತಿಗೆ ಜೋಡಿಸುವ ಕುಸುಮ್ ಯೋಜನೆ ಇರುವುದೇ ಹಗಲು ಕರೆಂಟಿಗೆ. ಅದರ ಸರದಿಯಲ್ಲಿ ನಾಗರಹೊಳೆ ಅಂಚಿನ ಊರುಗಳು ಮೊದಲು ಬರಲಿ. ಊರಿಗೆ ತಾಗಿದ ಕಬ್ಬು ಕಟಾವಿನಲ್ಲೂ ಮೊದಲು ಬರಲಿ. ಕೊನೆಯ ಬಸ್ಸು ಊರೊಳಗೆ ಬರಲಿ. ಇವು ಯಾವುವೂ ಹೊಸ ಕಾಯ್ದೆ ಬೇಡುವುದಿಲ್ಲ.

ಸುದ್ದಿಯ ಸತ್ಯ

ಇನ್ನೊಂದು ಬೇಕಾದದ್ದು ನಂಬಬಹುದಾದ ಸುದ್ದಿ. ಕುರಿಗಾಹಿ ಹುಡುಗನ ಕತೆಯನ್ನು ನಾವು ಸುಳ್ಳು ಹೇಳಬಾರದು ಎಂಬ ನೀತಿಗಾಗಿ ಹೇಳುತ್ತೇವೆ. ಇವತ್ತು ಆ ಹುಡುಗನ ಕೆಲಸವನ್ನು ವಾಟ್ಸ್‌ಆ್ಯಪ್ ವಹಿಸಿಕೊಂಡಿದೆ. ಎಲ್ಲಿಯದೋ ಹುಲಿಯ ವಿಡಿಯೊ ‘ನಮ್ಮೂರ ಕೆರೆ ಏರಿ’ ಎಂದು ಓಡಾಡುತ್ತದೆ. ನಾಲ್ಕನೇ ಸಲಕ್ಕೆ ನಿಜವಾದ ಹೆಜ್ಜೆ ಗುರುತು ಬಿದ್ದಾಗ ಯಾರೂ ನಂಬುವುದಿಲ್ಲ.

ತಮಿಳುನಾಡಿನ ವಾಲ್ಪಾರೈನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಆನೆಗಳ ವಿಷಯದಲ್ಲಿ ಮಾಡಿದ ಕೆಲಸ ನಮಗೆ ಮಾದರಿ. ಸಂಜೆ ಮನೆಗೆ ಬರುವ ಕಾರ್ಮಿಕರು ಆನೆ ಇರುವುದು ಗೊತ್ತಿಲ್ಲದೆ ಎದುರಾಗಿ ಸಾಯುತ್ತಿದ್ದರು. ಆನೆ ಎಲ್ಲಿದೆ ಎಂಬುದನ್ನು ಪ್ರತಿದಿನ ಪತ್ತೆಮಾಡಿ ಮೊಬೈಲಿಗೆ ಸಂದೇಶ ಕಳಿಸಿದರು, ಆಯಕಟ್ಟಿನ ಜಾಗದಲ್ಲಿ ಮೊಬೈಲಿನಿಂದಲೇ ಹೊತ್ತಿಸುವ ಕೆಂಪು ದೀಪ ಇಟ್ಟರು, ಬಸ್ಸಿನೊಳಗೂ ಸೂಚನೆ ಕೊಡಿಸಿದರು. ಸಾವು ಕಡಿಮೆಯಾಯಿತು. ಅಲ್ಲಿ ಆನೆಯನ್ನು ಓಡಿಸಲಿಲ್ಲ, ಆನೆ ಎಲ್ಲಿದೆ ಎಂಬ ಸುದ್ದಿಯನ್ನು ಬೇಕಾದವರಿಗೆ ಬೇಕಾದ ಹೊತ್ತಿಗೆ ಮುಟ್ಟಿಸಿದರು.

ನಮ್ಮ ಪಂಚಾಯಿತಿಗಳಲ್ಲೂ ಇದು ಸಾಧ್ಯ. ಹೆಜ್ಜೆ ಗುರುತು ನೋಡಿದವರು ಯಾರಿಗೆ ಹೇಳಬೇಕು, ಅದನ್ನು ನಿಜವೆಂದು ಒಪ್ಪುವವರು ಯಾರು, ಡಂಗುರ ಹೊಡೆಸುವವರು ಯಾರು ಎಂಬುದು ಮೊದಲೇ ಗೊತ್ತಿರಬೇಕು. ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು ಹೆಜ್ಜೆ ಓದುವುದರಲ್ಲಿ ಪಳಗಿದವರು. ಈ ವ್ಯವಸ್ಥೆಯಲ್ಲಿ ಅವರಿಗೆ ಗೌರವಧನದ ಸ್ಥಾನ ಸಿಗಬೇಕು, ಬರೀ ಹುಲಿ ಹಿಡಿಯುವಾಗ ಮುಂದೆ ನಡೆಯುವ ಕೂಲಿ ಮಾತ್ರವಲ್ಲ.

ಪರಿಹಾರದ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ವನ್ಯಪ್ರಾಣಿಯಿಂದ ಸಾವಾದರೆ ಕುಟುಂಬಕ್ಕೆ ಕೊಡುವ ಪರಿಹಾರವನ್ನು ರಾಜ್ಯ ಸರ್ಕಾರ 2025–26ರ ಬಜೆಟ್‌ನಲ್ಲಿ ₹15 ಲಕ್ಷದಿಂದ ₹20 ಲಕ್ಷಕ್ಕೆ ಏರಿಸಿದೆ. ದನ, ಕುರಿ ಸತ್ತರೂ ಪರಿಹಾರ ಉಂಟು. ಹೆಣವನ್ನು ಹೂಳುವ ಮೊದಲು ಇಲಾಖೆಗೆ ತಿಳಿಸಿ, ಪಂಚನಾಮೆ ಆಗಲಿ. ಸತ್ತ ದನಕ್ಕೆ ವಿಷ ಹಾಕಿ ಹುಲಿ ಕೊಂದರೆ ಪರಿಹಾರದ ಹಣದ ಬದಲು ಜೈಲು ಸಿಗುತ್ತದೆ.

ಮಿತ್ರರೇ, ಹುಲಿಯನ್ನು ಉಳಿಸಿಕೊಂಡದ್ದಕ್ಕೆ ಈ ಸೀಮೆ ದೇಶದಲ್ಲಿ ಹೆಸರಾಗಿದೆ. ಸಫಾರಿ ನಡೆಯುವ ದಿನಗಳಲ್ಲಿ ಜನ ಹುಲಿ ನೋಡಲು ಬೆಳಗಿನ ಆರಕ್ಕೆ ಜೀಪು ಹತ್ತುತ್ತಾರೆ. ಅದೇ ಆರಕ್ಕೆ ಕೋಟೆಯ ರೈತ ರಾತ್ರಿ ಪಾಳಿಯ ನೀರು ಕಟ್ಟಿ ಒಬ್ಬನೇ ಮನೆಗೆ ಬರುತ್ತಿರುತ್ತಾನೆ. ಆ ಹುಲಿಯ ಹೆಸರಿನಲ್ಲಿ ಬರುವ ಆದಾಯದ ಮೊದಲ ಪಾಲು ಅವನ ಹಗಲು ಕರೆಂಟಿಗೆ, ಅವನ ಮಗಳ ಬಸ್ಸಿಗೆ, ಅವನ ಹಿತ್ತಲಿನ ದೀಪಕ್ಕೆ ಹೋಗಬೇಕೆಂದು ಕೇಳುವುದು ಕಾಡಿಗೆ ವಿರೋಧವಲ್ಲ. ಹುಲಿಯನ್ನು ಸಹಿಸುವ ಊರು ಇದ್ದರೆ ಮಾತ್ರ ಹುಲಿ ಉಳಿಯುತ್ತದೆ.

ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ‘ಬೋನು ಇಡಿ’ ಎಂಬ ನಿರ್ಣಯದ ಜೊತೆಗೆ ಇನ್ನೊಂದು ನಿರ್ಣಯವನ್ನೂ ಬರೆಸಿ: ನಮ್ಮ ಊರಿನ ಫೀಡರಿಗೆ ರಾತ್ರಿ ಪಾಳಿ ಬೇಡ. ಕೆಳಗೆ ಎಲ್ಲರೂ ರುಜು ಹಾಕಿ, ಹೆಂಗಸರ ರುಜು ಮೊದಲಿರಲಿ, ಅದರ ಒಂದು ಪ್ರತಿ ಅರಣ್ಯ ಇಲಾಖೆಗೂ ಒಂದು ವಿದ್ಯುತ್ ಕಂಪನಿಗೂ ಹೋಗಲಿ.